ಸಗೋತ್ರವಾದರೂ ಸರಿ, ಬಣ್ಣವಿರಲಿ

ನ್ಯೂಜೆರ್ಸಿಯಲ್ಲಿರುವ ಅಣ್ಣನ ಮಗ ವಿಡಿಯೊ ಕಾಲ್ ಮಾಡಿ, "ಚಿಕ್ಕಪ್ಪಾ, ನಮ್ಮ ಬೇಸ್‌ಮೆಂಟ್ ನೋಡಿ" ಅಂದ. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಡಬ್ಬಿಗಳು. ಒಂದರ ಮುಚ್ಚಳ ತೆಗೆದ. ಒಳಗೆ ಮಣ್ಣು, ಒಣಗಿದ ಎಲೆ, ಲಡ್ಡಾದ ಕಟ್ಟಿಗೆ. ಎಲೆ ಸರಿಸಿದ. ಹೂಕುಂಡ ಎತ್ತಿದರೆ ಅಡಿಯಲ್ಲಿ ಸಿಗುತ್ತದಲ್ಲ, ಮುಟ್ಟಿದ ಕೂಡಲೇ ಉಂಡೆಯಾಗುವ ಬೂದು ಹುಳ, ಅದೇ. ಆದರೆ ಇದು ಕಿತ್ತಳೆ ಬಣ್ಣದ್ದು.

"ಹುಳ ಅನ್ನಬೇಡಿ, ಐಸೋಪಾಡ್. ಸಿಗಡಿ, ಏಡಿಗಳ ನೆಂಟ."

"ಹಾಗಾದ್ರೆ ಸಾರಿಗಾಗುತ್ತೆ."

ಅವನು ನಗಲಿಲ್ಲ.

ಇವು ಮೊದಲು ಸಾಕುಪ್ರಾಣಿಗಳೇನೂ ಆಗಿರಲಿಲ್ಲವಂತೆ. ಗಾಜಿನ ಪೆಟ್ಟಿಗೆಯಲ್ಲಿ ಕಪ್ಪೆ, ಹಲ್ಲಿ ಸಾಕುವವರು ಬೂಷ್ಟು, ಹಿಕ್ಕೆ ತಿಂದು ಚೊಕ್ಕಟ ಮಾಡಲಿ ಎಂದು ಬಿಟ್ಟುಕೊಂಡಿದ್ದ ಕೆಲಸದವು. ಈಗ ಕೆಲಸದವಕ್ಕೇ ಆಳು ಬಂದಿದ್ದಾರೆ. ಹೊತ್ತುಹೊತ್ತಿಗೆ ನೀರು ಚಿಮುಕಿಸಬೇಕು, ಸುಣ್ಣದಂಶಕ್ಕೆ ಮೊಟ್ಟೆಚಿಪ್ಪು ಪುಡಿ ಮಾಡಿ ಹಾಕಬೇಕು. ತಿನ್ನಲು ಓಕ್ ಮರದ ಒಣಎಲೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅವನ ಅಂಗಳದಲ್ಲೂ ಓಕ್ ಮರವಿದೆ. ಅದರ ಎಲೆ ಗುಡಿಸಿ ಒಯ್ಯುವವರಿಗೂ ಅವನೇ ದುಡ್ಡು ಕೊಡುತ್ತಾನೆ.

ಹೆಸರುಗಳೋ, ಬೇಕರಿಯ ಬೋರ್ಡಿನಂತಿವೆ. ಬಿಳಿ ಮೈಮೇಲೆ ಕರಿ ಮಚ್ಚೆಯಿದ್ದರೆ 'ಡೈರಿ ಕೌ'. ಹಾಲು ಕೇಳಬೇಡಿ. ಇನ್ನೊಂದು 'ಓರಿಯೋ ಕ್ರಂಬಲ್'. ಜಪಾನಿನಿಂದ ಬಂದದ್ದು 'ಮ್ಯಾಜಿಕ್ ಪೋಷನ್'. ಥಾಯ್ಲೆಂಡಿನ ಸುಣ್ಣಕಲ್ಲಿನ ಗುಹೆಯಲ್ಲಿ ತನ್ನ ಪಾಡಿಗೆ ತಾನಿದ್ದ ಒಂದಕ್ಕೆ ಮುಖ ಬಾತುಕೋಳಿಯ ಕೊಕ್ಕಿನಂತಿದೆ ಎಂದು 'ರಬ್ಬರ್ ಡಕ್ಕಿ' ಎಂದು ಹೆಸರಿಟ್ಟರು. ವಿಜ್ಞಾನಿಗಳು ಅದಕ್ಕೊಂದು ಹೆಸರು ಹುಡುಕುವ ಮೊದಲೇ ತಲೆಗಿಷ್ಟು ಡಾಲರ್ ಎಂದು ವ್ಯಾಪಾರ ಶುರುವಾಗಿತ್ತು.

ಹೊಸ ಬಣ್ಣ ತೆಗೆಯುವ ಬಗೆಯನ್ನು ಮಾತ್ರ ಅವನು ಪುರೋಹಿತರ ಗಾಂಭೀರ್ಯದಲ್ಲಿ ವಿವರಿಸಿದ. ಬೂದು ಹಿಂಡಿನಲ್ಲಿ ಎಲ್ಲೋ ಒಂದು ಕೆಂಪಗೆ ಹುಟ್ಟುತ್ತದೆ. ಅದಕ್ಕೆ ಬೂದು ಸಂಬಂಧ ಮಾಡಿದರೆ ಸಾಮಾನ್ಯವಾಗಿ ಮಕ್ಕಳೆಲ್ಲ ಬೂದು. ಆಗ ಆ ಅಣ್ಣತಂಗಿಯರನ್ನೇ ಕೂಡಿಸಬೇಕು. ಮೊಮ್ಮಕ್ಕಳಲ್ಲಿ ನಾಲ್ಕರಲ್ಲೊಂದು ಕೆಂಪು. 1866ರಲ್ಲಿ ಮೆಂಡೆಲ್ ಬಟಾಣಿಯ ಬಗ್ಗೆ ಬರೆದ ಲೆಕ್ಕ ಇದೇ. ಬಟಾಣಿಗೆ ಗೋತ್ರವಿರಲಿಲ್ಲ, ಬಿಡಿ. ಒಮ್ಮೆ ಕೂಡಿದ ಹೆಣ್ಣು ಆ ಬೀಜವನ್ನು ತಿಂಗಳುಗಟ್ಟಲೆ ಒಳಗೇ ಕಾದಿಟ್ಟುಕೊಳ್ಳಬಲ್ಲದಾದ್ದರಿಂದ ಎಳೆಯದಿದ್ದಾಗಲೇ ಬೇರೆ ಡಬ್ಬಿಗೆ ಹಾಕಿ ಕಾಯಬೇಕಂತೆ. ಜಾತಿ ಮೀರಿ ಮದುವೆಯಾದ ಹುಡುಗ ಇವನು. ಬೇಸ್‌ಮೆಂಟಿನಲ್ಲಿ ನಮ್ಮಜ್ಜಿಗಿಂತ ಕಟ್ಟುನಿಟ್ಟು. ಇಷ್ಟೆಲ್ಲ ಕಾವಲಿದ್ದರೂ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊಕ್ಕರೆ ಗಂಡಾಗಿ ಹುಟ್ಟಬೇಕಾದದ್ದು ಹೆಣ್ಣಾಗಿಬಿಡುತ್ತದಂತೆ. ಜಾತಕದಲ್ಲಿ ಅದಕ್ಕೆ ಶಾಂತಿ ಬರೆದಿಲ್ಲ.

"ಉಳಿದ ಮುಕ್ಕಾಲು ಪಾಲು ಬೂದು ಏನಾಗುತ್ತವೆ?"

"ಕಪ್ಪೆಗೆ ಹಾಕ್ತೀನಿ."

ವಧೂವರರ ಅಂಕಣದಲ್ಲಿ 'ಗೌರವರ್ಣ' ಎಂದು ಕಂಡರೆ ಮುಖ ಸಿಂಡರಿಸುವವನು ಇದನ್ನು ಎಷ್ಟು ಸಲೀಸಾಗಿ ಹೇಳಿದ! ಹದಿನಾಲ್ಕು ಕಾಲು ಅವಕ್ಕೂ ಇವೆ. ತಾಯಿ ಅವನ್ನೂ ಹೊಟ್ಟೆಯಡಿಯ ಚೀಲದಲ್ಲೇ ಹೊತ್ತದ್ದು. ಪೊರೆ ಬಿಡುವಾಗ ಹಿಂದಿನರ್ಧ ಮೊದಲು, ಮುಂದಿನರ್ಧ ಆಮೇಲೆ, ಅಂದರೆ ಪ್ಯಾಂಟು ಕಳಚಿ ಸ್ವಲ್ಪ ದಿನ ಬಿಟ್ಟು ಅಂಗಿ ಕಳಚುವ ವಿಚಿತ್ರ ಮರ್ಯಾದೆಯೂ ಅವಕ್ಕಿದೆ.

ಹೋದ ವಾರ ಮತ್ತೆ ಫೋನ್, ಉಸಿರು ಬಿಡದೆ: "ಚಿಕ್ಕಪ್ಪಾ, ನೀಲಿ ಹುಟ್ಟಿದೆ! ಕಡು ನೀಲಿ, ಮಿರಮಿರ ಮಿಂಚ್ತಿದೆ. ಒಂದು ಕನ್ನಡ ಹೆಸರು ಕೊಡಿ."

'ನೀಲಮೇಘಶ್ಯಾಮ' ಎಂದೆ. ಬೆಲೆಯನ್ನೂ ನಿಗದಿ ಮಾಡಿದ್ದ.

ನಾಲ್ಕನೇ ದಿನ ಸಪ್ಪೆ ದನಿ. ಅದು ಹೊಸ ತಳಿಯಲ್ಲವಂತೆ, ಇರಿಡೊವೈರಸ್ ಎಂಬ ರೋಗವಂತೆ. ವೈರಾಣುಗಳು ಮೈಯೊಳಗೆ ಸ್ಫಟಿಕದಂತೆ ಸಾಲುಗಟ್ಟಿ ನಿಂತಾಗ ಹೊರಗೆ ನೀಲಿ ಹೊಳೆಯುತ್ತದೆ. ಮದ್ದಿಲ್ಲ. ನೀಲಮೇಘಶ್ಯಾಮ ಸತ್ತಿತ್ತು, ಪಕ್ಕದ ಕೆಂಪಿನವರಲ್ಲೂ ಇಬ್ಬರು ನೀಲಿಯಾಗತೊಡಗಿದ್ದರು.

ಸಮಾಧಾನ ಹೇಳಲು ತೋಚದೆ, "ಕಪ್ಪೆ ಪೆಟ್ಟಿಗೆಯ ಬೂದು ಹೇಗಿವೆ?" ಎಂದೆ.

"ಅವಕ್ಕೇನು ಧಾಡಿ? ಕಪ್ಪೆ ತಿನ್ನೋದಕ್ಕಿಂತ ಜಾಸ್ತಿ ಮರಿ ಹಾಕ್ತಿವೆ."