ಈಜಿದ ಇಲಿಗೆ ಖಿನ್ನತೆ ಹೋಯ್ತಂತೆ!

ಬೆಳಿಗ್ಗೆಯಿಂದ ಮೂರನೇ ಸಲ ಅದೇ ಫಾರ್ವರ್ಡ್. ‘ಈ ಸೊಪ್ಪಿನ ಸಾರದಿಂದ ಖಿನ್ನತೆ ಮಾಯ, ಇಲಿಗಳಲ್ಲಿ ಸಾಬೀತು.’ ಒತ್ತಿ ನೋಡಿದರೆ ಒಳಗೆ ಮತ್ತದೇ, ನೀರಿಗೆ ಹಾಕಿದ ಇಲಿ. ಈ ವಿಷಯ ಬಂದರೆ ನಾನು ಬಾಯಿ ಮುಚ್ಚಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ.

1977ರಲ್ಲಿ ಪೋರ್ಸೋಲ್ಟ್ ಮತ್ತು ಸಂಗಡಿಗರು ತಂದ ಫೋರ್ಸ್ಡ್ ಸ್ವಿಮ್ ಟೆಸ್ಟ್, ಅಂದರೆ ಬಲವಂತದ ಈಜು ಪರೀಕ್ಷೆ ಅದು. ಗಾಜಿನ ಸಿಲಿಂಡರು, ಸುಮಾರು 25 ಡಿಗ್ರಿ ನೀರು, ಹತ್ತಿ ಬರಲು ದಾರಿಯಿಲ್ಲ. ಸುಂಡಿಲಿಯನ್ನು 6 ನಿಮಿಷ ಬಿಟ್ಟು, ಕೊನೆಯ 4 ನಿಮಿಷದಲ್ಲಿ ಎಷ್ಟು ಸೆಕೆಂಡು ಕೈಕಾಲಾಡಿಸದೆ ತೇಲಿತು ಅಂತ ಲೆಕ್ಕ ಹಾಕುತ್ತಾರೆ. ದೊಡ್ಡ ಇಲಿಗೆ ಮೊದಲ ದಿನ 15 ನಿಮಿಷ, ಮರುದಿನ 5. ತೇಲಿದ್ದು ಕಡಿಮೆಯಾಯಿತೋ, ‘ಖಿನ್ನತೆ ನಿವಾರಕ’ ಅಂತ ಷರಾ.

ತೇಲಿದರೆ ಹತಾಶೆ ಅಂತ ಇಲಿ ಬಂದು ಹೇಳಿತಾ? ಒದ್ದಾಡಿ ಫಲವಿಲ್ಲ ಅಂತ ಕಲಿತ ಜಾಣ ಇಲಿಯೂ ತೇಲುತ್ತದೆ. ನೀರಿನ ಬಿಸಿ ಏರುಪೇರಾದರೆ, ಹಿಂದಿನ ಇಲಿ ಗಲೀಜು ಮಾಡಿದ ನೀರನ್ನೇ ಬಳಸಿದರೆ ಲೆಕ್ಕವೇ ಬೇರೆ. ಕೆಫೀನ್ ಕೊಟ್ಟರೂ ತೇಲುವುದು ಇಳಿಯುತ್ತದೆ, ಅಂದರೆ ನಮ್ಮ ಫಿಲ್ಟರ್ ಕಾಫಿಯೂ ಪಾಸು! ಅದಕ್ಕೇ ಓಪನ್ ಫೀಲ್ಡ್ ಎಂಬ ಖಾಲಿ ಪೆಟ್ಟಿಗೆಯಲ್ಲಿ ಬಿಟ್ಟು ಸುಮ್ಮನೆ ಓಡಾಟ ಹೆಚ್ಚಿದೆಯಾ ಅಂತ ಬೇರೆಯಾಗಿ ನೋಡಬೇಕು. ಫಾರ್ವರ್ಡಿನಲ್ಲಿ ಆ ಸಾಲು ಎಲ್ಲಿದೆ?

ನನ್ನ ನಿಜವಾದ ಸಿಟ್ಟು ಮಾತ್ರ ಆ ‘ಅರ್ಧ ಗಂಟೆ’ಯ ಮೇಲೆ. ಸೂಜಿ ಚುಚ್ಚಿ ಅರ್ಧ ಗಂಟೆಗೆ ಈಜಿಸುತ್ತಾರಲ್ಲ, ಆಗ ಮಿದುಳಲ್ಲಿ ಏನು ನಡೆದಿರುತ್ತದೆ? ಫ್ಲೂಆಕ್ಸೆಟಿನ್‌ ಥರದ ಖಿನ್ನತೆಯ ಔಷಧಿಯನ್ನೇ ತೆಗೆದುಕೊಳ್ಳಿ. ಮಿದುಳಕಾಂಡದ ರಾಫೆ ಎಂಬ ಜಾಗದ ಕೋಶಗಳು ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಬಿಡುತ್ತವೆ; ಅವು ಸಾಮಾನ್ಯವಾಗಿ ಗಡಿಯಾರದಂತೆ ನಿಧಾನಕ್ಕೆ ಮಿಡಿಯುತ್ತಿರುತ್ತವೆ. ಬಿಟ್ಟ ಸೆರೊಟೋನಿನ್ನನ್ನು ಕೋಶಗಳು ಮತ್ತೆ ಒಳಗೆಳೆದುಕೊಳ್ಳುವುದನ್ನು (ಮರುಹೀರಿಕೆ) ಔಷಧಿ ತಡೆದಾಗ ಅದು ಆ ಕೋಶಗಳ ಸುತ್ತಲೇ ತುಂಬಿಕೊಂಡು, ಅವುಗಳ ಮೇಲಿನ 5-ಎಚ್‌ಟಿ1ಎ ಎಂಬ ಗ್ರಾಹಕಗಳನ್ನು (ಸೆರೊಟೋನಿನ್ ಹಿಡಿಯುವ ಗುಂಡಿಗಳನ್ನು) ಒತ್ತುತ್ತದೆ. ಅದು ಬ್ರೇಕು. ಎಲೆಕ್ಟ್ರೋಡ್ ಇಟ್ಟು ನೋಡಿದರೆ ಮಿಡಿತ ಕುಸಿದಿರುತ್ತದೆ. ಎರಡು–ಮೂರು ವಾರ ದಿನವೂ ಕೊಟ್ಟ ಮೇಲೆ ಆ ಬ್ರೇಕು ಸವೆದು, ಮಿಡಿತ ಮೊದಲಿನಂತಾಗುತ್ತದೆ. ಹಾಗಾದರೆ ಅರ್ಧ ಗಂಟೆಗೆ ಈಜಿದ ಇಲಿ ಯಾವ ವಾಸಿಯಾದ ಮಿದುಳಿನಿಂದ ಈಜಿತು ಸ್ವಾಮಿ? (ಗುಳಿಗೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಿಲ್ಲಿಸಬೇಡಿ, ದಮ್ಮಯ್ಯ. ನಾನು ಬೈಯುತ್ತಿರುವುದು ಪರೀಕ್ಷೆಗೆ.)

ವಾರಗಟ್ಟಲೆ ಕೊಟ್ಟರೆ ಏನಾಗುತ್ತದೆ ಅಂತ ನೋಡಿದವರೂ ಇದ್ದಾರೆ. 2000ದಲ್ಲಿ ಸಂಶೋಧಕ ಡ್ಯೂಮನ್ ಅವರ ಲ್ಯಾಬಿನವರು ಇಲಿಯ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳು ಹೆಚ್ಚುವುದನ್ನು ತೋರಿಸಿದರು. ಫ್ಲೂಆಕ್ಸೆಟಿನ್ 5 ದಿನ ಕೊಟ್ಟಾಗ ಏನಿಲ್ಲ, 14 ದಿನಕ್ಕೆ ಕಂಡಿತು. 2003ರಲ್ಲಿ ಸುಂಡಿಲಿಯ ಹಿಪೊಕ್ಯಾಂಪಸ್‌ಗೆ ಎಕ್ಸ್‌ರೇ ಹಾಯಿಸಿ ಆ ಹುಟ್ಟನ್ನೇ ತಡೆದಾಗ ಔಷಧಿಯ ಪರಿಣಾಮವೂ ಕಾಣಲಿಲ್ಲ. ಅಲ್ಲಿ ಅಳೆದದ್ದು ಈಜನ್ನಲ್ಲ: ಹಸಿದ ಇಲಿ ಬೆಳಕಿನ ಪೆಟ್ಟಿಗೆಯ ನಡುವಿನ ಆಹಾರಕ್ಕೆ ಬಾಯಿ ಹಾಕಲು ಎಷ್ಟು ಹೊತ್ತು ಹಿಂಜರಿಯುತ್ತದೆ ಎಂಬುದನ್ನು.

ಆದರೆ ಇದು ತಾಳ್ಮೆ ಬೇಡುವ ಕೆಲಸ. ಕಿಲೋ ತೂಕಕ್ಕೆ ದಿನಕ್ಕೆ 18 ಮಿಲಿಗ್ರಾಂ ಫ್ಲೂಆಕ್ಸೆಟಿನ್ ಅಂದರೆ 25 ಗ್ರಾಂ ಸುಂಡಿಲಿಗೆ 0.45 ಮಿಲಿಗ್ರಾಂ. ಅದು ದಿನಕ್ಕೆ 4.5 ಮಿಲಿಲೀಟರ್ ಕುಡಿದರೆ, ಲೀಟರ್ ನೀರಿಗೆ 100 ಮಿಲಿಗ್ರಾಂ ಕರಗಿಸಬೇಕು. ಬಾಟಲಿಗೆ ಬೆಳಕು ಬೀಳದಂತೆ ಫಾಯಿಲ್ ಸುತ್ತಬೇಕು. ರುಚಿ ಕೆಟ್ಟು ಇಲಿ ಕುಡಿಯದೆ ಬಿಟ್ಟರೆ ಡೋಸ್ ಹೋಯಿತು. ಬಾಟಲಿ ಸೋರಿದರೆ ಕಾಗದದ ಮೇಲಷ್ಟೇ ಕುಡಿದ ಹಾಗೆ. ಒಂದೇ ಪಂಜರದಲ್ಲಿ ನಾಲ್ಕಿದ್ದರೆ ಯಾವುದು ಎಷ್ಟು ಕುಡಿಯಿತು ಅಂತ ದೇವರೇ ಹೇಳಬೇಕು. ದಿನಾ ಬಾಟಲಿ ತೂಗಿ, ವಾರಕ್ಕೊಮ್ಮೆ ಇಲಿ ತೂಗಿ ಲೆಕ್ಕ ಸರಿಪಡಿಸಬೇಕು. ನಾಲ್ಕು ವಾರ! ಈಜಿಸುವುದಾದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ.

‘ಅಗ್ಗ, ಬೇಗ, ಹಳೆಯ ಔಷಧಿಗಳನ್ನು ಹಿಡಿಯುತ್ತದೆ’ ಅನ್ನುತ್ತಾರೆ ಈಜು ಪರೀಕ್ಷೆಯ ಪರ ಇರುವವರು. ಒಪ್ಪಿದೆ, ಜರಡಿಯಾಗಿ ಇಟ್ಟುಕೊಳ್ಳಿ. ಆದರೆ ಫ್ಲೂಆಕ್ಸೆಟಿನ್ನೇ ಹಳೇ ವಿಧಾನದಲ್ಲಿ ಎಷ್ಟೋ ಸಲ ಜಾರಿಹೋಗುತ್ತಿತ್ತು. ನೀರನ್ನು 30 ಸೆಂಟಿಮೀಟರಿಗೆ ಏರಿಸಿ, ಈಜುವುದು ಬೇರೆ, ಗೋಡೆ ಹತ್ತುವುದು ಬೇರೆ ಅಂತ 5 ಸೆಕೆಂಡಿಗೊಮ್ಮೆ ಗುರುತಿಸತೊಡಗಿದ ಮೇಲೆ ಸಿಕ್ಕಿತು.

ಇನ್ನು ‘ಮಿದುಳು ಸರಿಹೋಯ್ತು’ ಅಂತಾರಲ್ಲ, ಯಾವ ಭಾಗ? ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನವರೇ 2002ರಲ್ಲಿ ತೋರಿಸಿದ್ದಾರೆ: ಇಲಿಯನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟರೆ ಹಿಪೊಕ್ಯಾಂಪಸ್‌ನ ನರಕೋಶದ ಕವಲುಗಳು ಮೊಟಕಾಗುತ್ತವೆ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲದವು ಬೆಳೆಯುತ್ತವೆ. ಒಂದೇ ತಲೆಯೊಳಗೆ ಎರಡು ತದ್ವಿರುದ್ಧ ಕಥೆ. ನಿಮ್ಮ ಸೊಪ್ಪು ಯಾವುದನ್ನು ರಿಪೇರಿ ಮಾಡಿತು, ಎಷ್ಟು ದಿನಕ್ಕೆ? ಅದನ್ನು ಬರೆದು ಕಳಿಸಿ, ನಾನೇ ಹಂಚುತ್ತೇನೆ.