ಗುಲಾಬಿ ಬೆರಳಿಗೆ 2 ಅಂಕ

ಅಣ್ಣನ ಮಗಳು ಇಂಗ್ಲಿಷ್ ಕ್ಲಾಸಿನ ವರ್ಕ್‌ಶೀಟ್ ತಂದು ಮೇಜಿನ ಮೇಲೆ ಹರಡಿದಳು. ಪಾಠ, ಪ್ರಾಚೀನ ಗ್ರೀಕ್ ಕವಿ ಹೋಮರನ ಮಹಾಕಾವ್ಯ ‘ಒಡಿಸ್ಸಿ’; ಯುದ್ಧ ಮುಗಿಸಿದ ವೀರ ಒಡಿಸ್ಸಿಯಸ್ ಮನೆಗೆ ಮರಳುವ ಕಥೆ. ಮೊದಲ ಪ್ರಶ್ನೆ: ‘ಗುಲಾಬಿ ಬೆರಳುಗಳ ಉಷೆ’ ಎಂಬುದು ಯಾವ ಸಾಹಿತ್ಯ ಪರಿಭಾಷೆಗೆ ಉದಾಹರಣೆ? 2 ಅಂಕ.

ನಾನು ಕನ್ನಡಕ ಹುಡುಕುವಷ್ಟರಲ್ಲಿ “ಎಪಿಥೆಟ್, ಚಿಕ್ಕಪ್ಪ” ಅಂದಳು. ಹೆಸರಿಗೆ ಅಂಟಿಕೊಂಡೇ ಬರುವ ವಿಶೇಷಣ ಅಂತ ಅರ್ಥ.

“ಸರಿ. ಬೆರಳು ಯಾಕೆ ಗುಲಾಬಿ ಬಣ್ಣ?”

“ಅದು ಸಿಲಬಸ್‌ನಲ್ಲಿಲ್ಲ.”

ರಾತ್ರಿಯೆಲ್ಲ ರಾಮಾಯಣ ಕೇಳಿ ಬೆಳಗಾಗೆದ್ದು ರಾಮನಿಗೆ ಸೀತೆ ಏನಾಗಬೇಕು ಎಂದವನನ್ನು ತಲೆತಲಾಂತರದಿಂದ ಹಂಗಿಸುತ್ತ ಬಂದಿದ್ದೇವೆ. ಪಾಪ, ಅವನು ರಾತ್ರಿಯೆಲ್ಲ ಕೂತು ಕೇಳಿದ್ದನಲ್ಲ! ಈಗ ಕೇಳುವ ಗೋಜೇ ಇಲ್ಲ. ಸೀತೆ ಏನಾಗಬೇಕು ಎಂಬುದನ್ನು ಉರು ಹೊಡೆದರೆ ಸಾಕು, ಪಾಸು.

‘ಒಡಿಸ್ಸಿ’ಯಲ್ಲಿ 24 ಸರ್ಗ, 12,000ಕ್ಕೂ ಮಿಕ್ಕಿ ಸಾಲು. ಹುಡುಗಿಯ ಪುಸ್ತಕದಲ್ಲಿ ಅದು ಆರು ಪುಟ. ಆ ಆರು ಪುಟದ ಬೆನ್ನಿಗೆ ಹನ್ನೊಂದು ಪುಟ ಪರಿಭಾಷೆ, ಶಬ್ದಾರ್ಥ, ಹೊಂದಿಸಿ ಬರೆಯಿರಿ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಇಲ್ಲಿ ಮೂಗೇ ಕಾಣುತ್ತಿಲ್ಲ.

ಪರಿಭಾಷೆಗಳಲ್ಲಿ ಪಟ್ಟದಾನೆ ‘ಇನ್ ಮೀಡಿಯಾಸ್ ರೆಸ್’. ಕಥೆಯನ್ನು ನಡುವಿನಿಂದ ಎತ್ತಿಕೊಳ್ಳುವುದು ಅಂತ ಅರ್ಥ. ಕಾವ್ಯ ಗ್ರೀಕಿನದು, ಓದುವುದು ಇಂಗ್ಲಿಷಿನಲ್ಲಿ, ಬಾಯಿಪಾಠ ಲ್ಯಾಟಿನ್ನು. ಈ ಮಾತು ರೋಮಿನ ಕವಿ ಹೋರೇಸನದು, ಹೋಮರನ ಕಾಲ ಕಳೆದು ಎಷ್ಟೋ ಶತಮಾನಗಳ ಮೇಲೆ ಹೇಳಿದ್ದು. ಹೋಮರನನ್ನೇ ಕರೆದು ಪರೀಕ್ಷೆಗೆ ಕೂರಿಸಿದರೆ ಈ ಅಂಕ ಖೋತಾ. ಪಠ್ಯದವರು ಮಾತ್ರ ಈ ತತ್ವವನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಪಾಠ ಶುರುವಾಗುವುದು ಒಂಬತ್ತನೆಯ ಸರ್ಗದಲ್ಲಿ, ನಿಲ್ಲುವುದೂ ನಟ್ಟನಡುವೆಯೇ.

ಇನ್ನು ಆ ಎಪಿಥೆಟ್ಟು. ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ 1930ರ ದಶಕದಲ್ಲಿ ಯುಗೊಸ್ಲಾವಿಯಾಕ್ಕೆ ಹೋಗಿ ಅಲ್ಲಿಯ ಗಾಯಕರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ. ಬರೆದಿಟ್ಟುಕೊಳ್ಳದೆ, ಹಾಡುತ್ತ ಹಾಡುತ್ತಲೇ ಕಥೆ ಕಟ್ಟುವವನಿಗೆ ‘ಗುಲಾಬಿ ಬೆರಳುಗಳ ಉಷೆ’ಯಂಥ ಸಿದ್ಧ ತುಣುಕುಗಳು ಛಂದಸ್ಸು ತುಂಬಲು ಒದಗುತ್ತವೆ ಎಂಬುದು ಅವನ ವಾದ. ಅದಕ್ಕೇ ಹೋಮರನ ಇನ್ನೊಂದು ಕಾವ್ಯ ‘ಇಲಿಯಡ್’ನ ವೀರ ಅಕಿಲೀಸ್ ಮುನಿಸಿಕೊಂಡು ಕೂತಲ್ಲೇ ಕೂತಿದ್ದರೂ ‘ವೇಗದ ಕಾಲಿನವ’. ಪ್ಯಾರಿಗೆ ಅಲ್ಲಿ ಅವ್ದೋ ಮೆಜೆದೋವಿಚ್ ಎಂಬ ಗಾಯಕ ಸಿಕ್ಕಿದ. 12,000 ಸಾಲು ದಾಟುವ ಕಾವ್ಯವೊಂದನ್ನು ಬಾಯಲ್ಲೇ ಹೇಳಿ ಬರೆಸಿದ. ಅವನಿಗೆ ಓದುಬರಹ ಗೊತ್ತಿರಲಿಲ್ಲ. ನಮ್ಮ ವರ್ಕ್‌ಶೀಟಿನ ಮುಂದೆ ಕೂರಿಸಿದ್ದರೆ ಹೆಸರು ಬರೆಯುವ ಜಾಗದಲ್ಲೇ ಫೇಲಾಗುತ್ತಿದ್ದ.

ಶಬ್ದಾರ್ಥದ ಕಥೆ ಇನ್ನೂ ಸೊಗಸು. ‘ಹೋಮರನ ಪದಸಂಪತ್ತು’ ಅಂತ ಇಪ್ಪತ್ತು ಇಂಗ್ಲಿಷ್ ಪದ. ಹೋಮರನಿಗೂ ಅದಕ್ಕೂ ಏನು ಸಂಬಂಧ? ಎಲ್ಲ ಅನುವಾದಕನ ಸಂಪತ್ತು. ಕಾವ್ಯದ ಮೊದಲ ಸಾಲಿನಲ್ಲೇ ನಾಯಕನಿಗೆ ‘ಪಾಲಿಟ್ರೊಪಾಸ್’ ಎಂಬ ವಿಶೇಷಣವಿದೆ. ಇಂಗ್ಲಿಷಿಗೆ ಅನುವಾದಿಸಿದ ರಾಬರ್ಟ್ ಫೇಗಲ್ಸ್‌ಗೆ ಅದು ತಿರುವು ಮುರುವುಗಳ ಮನುಷ್ಯನಾಗಿ ಕಂಡಿತು. 2017ರಲ್ಲಿ ಇನ್ನೊಬ್ಬ ಅನುವಾದಕಿ ಎಮಿಲಿ ವಿಲ್ಸನ್ ಒಂದೇ ಮಾತಿನಲ್ಲಿ ‘ಕಾಂಪ್ಲಿಕೇಟೆಡ್’ (ಗೋಜಲಿನವ) ಅಂದರು. ಅನುವಾದ ಬದಲಾದರೆ ಪದಸಂಪತ್ತೂ ಬದಲು. ಹುಡುಗಿಗೆ ಇದರ ಚಿಂತೆಯಿಲ್ಲ. ‘ಪ್ಲಂಡರ್’ (ಕೊಳ್ಳೆ) ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದಿದ್ದಕ್ಕೆ, ತಮ್ಮ ನನ್ನ ಬಣ್ಣದ ಪೆನ್ಸಿಲ್‌ಗಳನ್ನೆಲ್ಲ ಪ್ಲಂಡರ್ ಮಾಡಿದ ಎಂದು ಬರೆದಿದ್ದಳು. ಇಡೀ ವರ್ಕ್‌ಶೀಟಿನಲ್ಲಿ ಹೋಮರನಿಗೆ ಹತ್ತಿರವಾದ ವಾಕ್ಯ ಅದೊಂದೇ.

ಮೂರನೆಯ ಪುಟದಲ್ಲಿ ‘ಎಪಿಕ್ ಹೀರೋ’ನ ಲಕ್ಷಣಗಳು, ಎದುರಿಗೆ ಟಿಕ್ ಹಾಕುವ ಚೌಕ. ಉಚ್ಚಕುಲ, ಟಿಕ್. ಅಸಾಧಾರಣ ಪರಾಕ್ರಮ, ಟಿಕ್. ಕಾವ್ಯದಲ್ಲಿ ಒಡಿಸ್ಸಿಯಸ್ ಮೊದಲು ಕಣ್ಣಿಗೆ ಬೀಳುವುದು ಐದನೆಯ ಸರ್ಗದಲ್ಲಿ. ಕಡಲ ದಂಡೆಯಲ್ಲಿ ಕೂತು ಮನೆ ನೆನೆದು ಅಳುತ್ತಿರುತ್ತಾನೆ. ಅದಕ್ಕೆ ಚೌಕವಿಲ್ಲ. ಮಹೋಪಮೆಗೆ, ಅಂದರೆ ಉದ್ದಕ್ಕೆ ಬೆಳೆಸಿದ ಹೋಲಿಕೆಗೆ, ಸಿಂಹದ ಉದಾಹರಣೆ ಕೊಟ್ಟಿದ್ದಾರೆ. ಹೆಂಡತಿಯ ಬೆನ್ನು ಬಿದ್ದ 108 ಮಂದಿಯನ್ನು ಹೇಗೆ ಮುಗಿಸಲಿ ಎಂದು ನಿದ್ದೆಯಿಲ್ಲದೆ ಹೊರಳಾಡುವ ಇದೇ ವೀರನನ್ನು ಕವಿ, ಬೆಂಕಿಯ ಮೇಲೆ ಅತ್ತಿತ್ತ ಹೊರಳಿಸುವ ಕೊಬ್ಬು-ರಕ್ತ ತುಂಬಿದ ಕರುಳಿಗೆ ಹೋಲಿಸುತ್ತಾನೆ. ಅದನ್ನು ಕೊಟ್ಟಿದ್ದರೆ ಮಕ್ಕಳು ನಕ್ಕುಬಿಡುತ್ತಿದ್ದರು. ನಕ್ಕರೆ ಶಿಸ್ತಿನ ಗತಿ?

ಆಮೇಲೆ ನಾಯಿ. ‘ಆರ್ಗಸ್ ಯಾವುದರ ಸಂಕೇತ? 1 ಅಂಕ.’ ನಾನು ವರ್ಕ್‌ಶೀಟ್ ಪಕ್ಕಕ್ಕಿಟ್ಟು ಹದಿನೇಳನೆಯ ಸರ್ಗದ ಆ ಭಾಗ ಓದಿದೆ. ಇಪ್ಪತ್ತು ವರ್ಷದ ಮೇಲೆ ಯಜಮಾನ ಭಿಕ್ಷುಕನ ವೇಷದಲ್ಲಿ ಬಂದಿದ್ದಾನೆ, ಮಗನ ಹೊರತು ಯಾರಿಗೂ ಗುರುತಿಲ್ಲ. ಸಗಣಿ ರಾಶಿಯ ಮೇಲೆ ಮೈಗೆಲ್ಲ ಉಣುಗು ಹತ್ತಿ ಬಿದ್ದಿರುವ ಮುದಿ ನಾಯಿಗೆ ಗುರುತು ಸಿಕ್ಕಿತು. ಬಾಲ ಅಲ್ಲಾಡಿಸಿತು, ಕಿವಿ ಇಳಿಬಿಟ್ಟಿತು, ಎದ್ದು ಬರಲು ಶಕ್ತಿಯಿಲ್ಲ. ಅವನೂ ಹತ್ತಿರ ಹೋಗುವಂತಿಲ್ಲ, ಹೋದರೆ ಗುಟ್ಟು ರಟ್ಟು. ಮುಖ ತಿರುಗಿಸಿ ಕಣ್ಣೊರೆಸಿಕೊಂಡು ಒಳಗೆ ನಡೆದ. ನಾಯಿ ಅಲ್ಲೇ ಸತ್ತಿತು.

ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೂಗು ಎಳೆದುಕೊಂಡು ‘ನಿಷ್ಠೆ’ ಎಂದು ಬರೆದಳು. 1 ಅಂಕ.

ಕೊನೆಯದು ಒಕ್ಕಣ್ಣ ರಾಕ್ಷಸನ ಪ್ರಶ್ನೆ. ಒಡಿಸ್ಸಿಯಸ್ ತನ್ನ ಹೆಸರು ‘ಯಾರೂ ಇಲ್ಲ’ ಎಂದು ನಂಬಿಸಿ ಅವನ ಕಣ್ಣಿಗೆ ಗೂಟ ಇರಿಯುತ್ತಾನೆ. ಅರಚಾಟ ಕೇಳಿ ಓಡಿಬಂದ ನೆರೆಯವರು “ಕಾಟ ಕೊಡುತ್ತಿರುವವರು ಯಾರು?” ಎಂದರೆ ರಾಕ್ಷಸ “ಯಾರೂ ಇಲ್ಲ” ಎಂದು ಬೊಬ್ಬೆ ಹೊಡೆಯುತ್ತಾನೆ. ಹಾಗಾದರೆ ಸರಿ ಎಂದು ಅವರು ಮನೆಗೆ ಹೋಗುತ್ತಾರೆ. ಇಲ್ಲಿರುವುದು ಐರನಿಯೋ (ವ್ಯಂಗ್ಯ), ಪನ್ನೋ (ಶ್ಲೇಷೆ)? ಸರಿಯಾದುದಕ್ಕೆ ಗೆರೆ ಎಳೆಯಿರಿ.

“ಅದಿರಲಿ, ನಿಮ್ಮ ಕ್ಲಾಸಲ್ಲಿ ಈ ಕಾವ್ಯ ಪೂರ್ತಿ ಓದಿದವರು ಯಾರು?”

“ಯಾರೂ ಇಲ್ಲ.”

ನಾನು ಜೋರಾಗಿ ನಕ್ಕೆ. ಅವಳು ಪೆನ್ಸಿಲ್ ಎತ್ತಿಕೊಂಡಳು.

“ಚಿಕ್ಕಪ್ಪ, ಈಗ ನೀವು ನಕ್ಕಿದ್ದು ಐರನಿಗಾ, ಪನ್ನಿಗಾ?”