ಆಕ್ಸಿಜನ್ ಚೇಂಬರ್‌ಗೆ ದುಡ್ಡು ಕಟ್ಟುವ ಮೊದಲು ಕಾಲಿನ ರಕ್ತನಾಳ ನೋಡಿಸಿ

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತಿಂಗಳಾನುಗಟ್ಟಲೆ ಮಾಯದಿದ್ದಾಗ "ಆಕ್ಸಿಜನ್ ಚೇಂಬರ್‌ಗೆ ಹಾಕಿಸಿ, ಕಾಲು ಉಳಿಯುತ್ತೆ" ಅಂತ ಯಾರಾದರೂ ಹೇಳೇ ಹೇಳ್ತಾರೆ. ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿಸುವ ಮುಚ್ಚಿದ ಕೋಣೆ ಅದು. ಮಾತು ಪೂರ್ತಿ ಸುಳ್ಳಲ್ಲ. ಆದರೆ ಬಹಳ ಜನರಿಗೆ ಒಂದು ತಪ್ಪು ಕಲ್ಪನೆ ಇದೆ: ಚೇಂಬರಿನ ಆಕ್ಸಿಜನ್ ನೇರವಾಗಿ ಹುಣ್ಣಿಗೆ ತಾಗಿ ವಾಸಿಮಾಡುತ್ತದೆ ಅಂತ. ಹಾಗಲ್ಲ. ಅದು ಉಸಿರಿನ ಮೂಲಕ ಶ್ವಾಸಕೋಶಕ್ಕೆ, ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಕಾಲಿಗೆ ಹೋಗಬೇಕು. ಮೊಣಕಾಲಿನ ಕೆಳಗೆ ರಕ್ತನಾಳವೇ ಮುಚ್ಚಿಕೊಂಡಿದ್ದರೆ 40 ದಿನ ಚೇಂಬರಿನಲ್ಲಿ ಮಲಗಿದರೂ ಅದು ಹುಣ್ಣನ್ನು ಮುಟ್ಟುವುದು ಕಷ್ಟ. ಹಾಗಾಗಿ ಮೊದಲು ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿ, ಬೇಕಿದ್ದರೆ ವ್ಯಾಸ್ಕುಲರ್ ಸರ್ಜನ್ ಹತ್ತಿರ ಬ್ಲಾಕ್ ತೆಗೆಸಿ. ಸತ್ತ ಮಾಂಸ ಕೆರೆದು ತೆಗೆಯುವುದು, ಸೋಂಕಿಗೆ ಆಂಟಿಬಯಾಟಿಕ್, ಹುಣ್ಣಿನ ಮೇಲೆ ಮೈಭಾರ ಬೀಳದಂತೆ ವಿಶೇಷ ಚಪ್ಪಲಿ ಅಥವಾ ಕಾಸ್ಟ್, ಇಷ್ಟೂ ಆಗಿರಬೇಕು. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ಕೂಡ ಹುಣ್ಣು ವ್ಯಾಗ್ನರ್ ಗ್ರೇಡ್ 3 (ಆಳದಲ್ಲಿ ಕೀವು ಅಥವಾ ಮೂಳೆಗೆ ಸೋಂಕು ತಗುಲಿದ ಹಂತ) ಅಥವಾ ಅದಕ್ಕಿಂತ ಹೆಚ್ಚಿದ್ದು, 30 ದಿನ ಸರಿಯಾದ ಚಿಕಿತ್ಸೆ ಕೊಟ್ಟರೂ ಗುಣ ಕಾಣದಿದ್ದರೆ ಮಾತ್ರ ಚೇಂಬರಿಗೆ ಹಣ ಕೊಡುತ್ತದೆ. ವಿಮೆಯವರ ನಿಯಮ ಇರಬಹುದು, ಆದರೆ ಕ್ರಮ ಅದೇ ಸರಿ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಒತ್ತಡ ಎಷ್ಟು? ಹುಣ್ಣಿಗೆ ಸಾಮಾನ್ಯವಾಗಿ ಕೊಡುವುದು 2ರಿಂದ 2.4 ಎಟಿಎ (1 ಎಟಿಎ ಅಂದರೆ ಸಮುದ್ರಮಟ್ಟದ ಮಾಮೂಲಿ ಗಾಳಿಯ ಒತ್ತಡ). 2.4 ಅಂದರೆ ಸಮುದ್ರದಲ್ಲಿ ಸುಮಾರು 14 ಮೀಟರ್ ಆಳಕ್ಕೆ ಇಳಿದಷ್ಟು. ನಾವು ಮಾಮೂಲಿ ಗಾಳಿ ಉಸಿರಾಡುವಾಗ 100 ಮಿ.ಲೀ. ರಕ್ತದ ದ್ರವದಲ್ಲಿ ಕರಗಿರುವ ಆಕ್ಸಿಜನ್ 0.3 ಮಿ.ಲೀ. ಮಾತ್ರ. 3 ಎಟಿಎ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಅದು 6 ಮಿ.ಲೀ. ಹತ್ತಿರ ಹೋಗುತ್ತದೆ. ಗಾಳಿ ತುಂಬಿಸುವ ಜಿಪ್ ಚೀಲದಂಥ ಚೇಂಬರ್‌ಗಳು ಸಾಮಾನ್ಯವಾಗಿ 1.3 ಎಟಿಎ ಆಸುಪಾಸಿನಲ್ಲೇ ನಿಲ್ಲುತ್ತವೆ. ಅದರಲ್ಲಿ ಮಲಗಿಸಿ ಕಾಲಿನ ಹುಣ್ಣಿಗೆ ಚಿಕಿತ್ಸೆ ಅನ್ನುವುದು ರೋಗಿಗೆ ಮಾಡುವ ಅನ್ಯಾಯ. ವಯಸ್ಸು ಇಳಿಸುತ್ತೇವೆ, ಮಕ್ಕಳ ಆಟಿಸಂ ವಾಸಿಮಾಡುತ್ತೇವೆ ಅನ್ನುವವರ ಹತ್ತಿರವಂತೂ ಸುಳಿಯಬೇಡಿ. ಆಟಿಸಂಗೆ ಇದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಲ್ಲ.

ಒಂದು ಸೆಷನ್ ಅಂದರೆ ಹೆಚ್ಚುಕಡಿಮೆ ಎರಡು ಗಂಟೆ. ಒತ್ತಡ ಏರಲು 10-15 ನಿಮಿಷ, ಆಮೇಲೆ 90 ನಿಮಿಷ ಆಕ್ಸಿಜನ್. ನಡುವೆ 20-30 ನಿಮಿಷಕ್ಕೊಮ್ಮೆ 5 ನಿಮಿಷ ಮಾಮೂಲಿ ಗಾಳಿ ಕೊಡುವುದು ಆಕ್ಸಿಜನ್ ಅತಿಯಾಗಿ ಫಿಟ್ಸ್ ಬರದಿರಲಿ ಅಂತ. ಹೀಗೆ ವಾರಕ್ಕೆ ಐದು ದಿನ, ಒಟ್ಟು 30-40 ಸೆಷನ್.

ಹೆಚ್ಚು ಜನ ಕಷ್ಟಪಡುವುದು ಮೊದಲ ಹತ್ತು ನಿಮಿಷದಲ್ಲಿ, ಕಿವಿಯಿಂದ. ಘಾಟಿ ಇಳಿಯುವಾಗ ಕಿವಿ ಗುಂಯ್ ಅನ್ನುತ್ತದಲ್ಲ, ಅದೇ, ಆದರೆ ಬಹಳ ಜೋರಾಗಿ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ಇಲ್ಲವೇ ಉಗುಳು ನುಂಗಿ, ದವಡೆ ಆಡಿಸಿ. ನೋವು ಶುರುವಾಗುವ ಮೊದಲೇ ಇದನ್ನು ಮಾಡಬೇಕು, ಮತ್ತೆ ಮತ್ತೆ ಮಾಡುತ್ತಿರಬೇಕು. ಕಿವಿಯ ತಮಟೆ ಒಳಕ್ಕೆ ಎಳೆದು, ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಾಳ ಕಚ್ಚಿಕೊಂಡ ಮೇಲೆ ಎಷ್ಟು ಊದಿದರೂ ತೆರೆಯುವುದಿಲ್ಲ, ಜೋರಾಗಿ ಊದಿದರೆ ಒಳಕಿವಿಗೇ ಪೆಟ್ಟು. ನೋವಾದರೆ ಹಲ್ಲು ಕಚ್ಚಿ ಸಹಿಸಬೇಡಿ, ತಕ್ಷಣ ಹೇಳಿ. ಆಪರೇಟರ್ ಒತ್ತಡ ಅಲ್ಲೇ ನಿಲ್ಲಿಸಿ ಸ್ವಲ್ಪ ಇಳಿಸುತ್ತಾರೆ. ನೆಗಡಿ ಇದ್ದ ದಿನ ಹೋಗಲೇಬೇಡಿ. ಕೊನೆಯಲ್ಲಿ ಒತ್ತಡ ಇಳಿಸುವಾಗ ಉಸಿರು ಬಿಗಿಹಿಡಿಯಬಾರದು, ಮೂಗು ಹಿಡಿದು ಊದಲೂಬಾರದು.

ಬೆಂಕಿಯ ವಿಷಯದಲ್ಲಿ ಸಿಬ್ಬಂದಿ ಎಷ್ಟು ಗದರಿದರೂ ಬೇಸರ ಬೇಡ. 1997ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಚೇಂಬರಿಗೆ ಬೆಂಕಿ ಬಿದ್ದು 11 ಜನ ಸತ್ತರು. ಕೈ ಬೆಚ್ಚಗಿಟ್ಟುಕೊಳ್ಳಲು ಒಳಗೆ ಒಯ್ದಿದ್ದ ಪುಟ್ಟ ಸಾಧನವೇ ಕಾರಣವಾಗಿತ್ತು. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಐದು ವರ್ಷದ ಹುಡುಗ ಚೇಂಬರಿನೊಳಗೇ ಸುಟ್ಟುಹೋದ. ತಲೆಗೆ ಕೊಬ್ಬರಿ ಎಣ್ಣೆ, ಎದೆಗೆ ವಿಕ್ಸ್, ಸೆಂಟು, ವ್ಯಾಸಲಿನ್ ಯಾವುದೂ ಬೇಡ. ಫೋನು, ಶ್ರವಣ ಸಾಧನ, ಒಡವೆ ಹೊರಗಿರಲಿ. ಅವರು ಕೊಡುವ ಶುದ್ಧ ಹತ್ತಿಬಟ್ಟೆಯನ್ನೇ ಹಾಕಿಕೊಳ್ಳಿ, ಪಾಲಿಯೆಸ್ಟರ್ ಒಳಉಡುಪೂ ಬೇಡ.

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ಬಿಟ್ಟು ಹೋಗಬಾರದು. ಒಳಗೆ ಶುಗರ್ ಇನ್ನೂ ಇಳಿಯುತ್ತದೆ, ಒತ್ತಡ ಇಳಿಯುವ ತನಕ ಬಾಗಿಲು ತೆಗೆಯಲು ಆಗುವುದಿಲ್ಲ. ಪ್ರತಿ ಸಲವೂ ಒಳಗೆ ಹೋಗುವ ಮುನ್ನ ಬೆರಳು ಚುಚ್ಚಿ ನೋಡಿಸಿ. ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಳ್ಳುವ ನ್ಯುಮೋಥೊರಾಕ್ಸ್‌ಗೆ ಚಿಕಿತ್ಸೆ ಆಗಿರದಿದ್ದರೆ ಚೇಂಬರ್ ಪ್ರಾಣಕ್ಕೇ ಅಪಾಯ. ಆದ್ದರಿಂದ ಮೊದಲೇ ಎದೆಯ ಎಕ್ಸ್‌ರೇ ಮಾಡಿಸಿ. ಕ್ಯಾನ್ಸರ್‌ಗೆ ಬ್ಲಿಯೋಮೈಸಿನ್ ತೆಗೆದುಕೊಂಡಿದ್ದವರು ವರ್ಷಗಳೇ ಆಗಿದ್ದರೂ ಹೇಳಬೇಕು. ಬೀಡಿ ಸಿಗರೇಟು ಸೇದುತ್ತಾ ಈ ಚಿಕಿತ್ಸೆ ತೆಗೆದುಕೊಂಡರೆ ರಕ್ತನಾಳ ಮತ್ತೆ ಮತ್ತೆ ಕುಗ್ಗುತ್ತದೆ, ದುಡ್ಡು ನೀರುಪಾಲು.

ಚೇಂಬರ್ ತಡಮಾಡದೆ ಬೇಕಾಗುವ ಸಂದರ್ಭಗಳೂ ಇವೆ. ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಮೇಲೆ ಬಂದವರಿಗೆ ಕೀಲುನೋವು, ಕೈಕಾಲು ಜೋಮು ಕಾಣಿಸಿದರೆ ಕಾಯಬೇಡಿ, ವಿಮಾನವನ್ನೂ ಹತ್ತಬೇಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಸ್ಟೀರಾಯ್ಡ್ ಜೊತೆ ಎರಡು ವಾರದೊಳಗೆ ಶುರುಮಾಡಿದರೆ ಒಳ್ಳೆಯದು. ಬಚ್ಚಲಿನ ಗ್ಯಾಸ್ ಗೀಸರ್‌ನಿಂದ ಕಾರ್ಬನ್ ಮೊನಾಕ್ಸೈಡ್ ಸೇರಿ ಪ್ರಜ್ಞೆ ತಪ್ಪಿದವರ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 98 ಅಂತಲೇ ತೋರಿಸಬಹುದು, ಅದನ್ನು ನಂಬಬೇಡಿ. ರಕ್ತದಲ್ಲಿನ ಆ ವಿಷ ಅರ್ಧಕ್ಕೆ ಇಳಿಯಲು ಮಾಮೂಲಿ ಗಾಳಿಯಲ್ಲಿ ನಾಲ್ಕೈದು ಗಂಟೆ ಬೇಕು, ಮಾಸ್ಕಿನ ಶುದ್ಧ ಆಕ್ಸಿಜನ್‌ನಲ್ಲಿ ಒಂದೂವರೆ ಗಂಟೆ, 3 ಎಟಿಎಯಲ್ಲಿ 23 ನಿಮಿಷ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಮಾಸ್ಕ್ ಹಾಕಿಸಿ, ಚೇಂಬರ್ ಬೇಕೇ ಅನ್ನುವುದು ಆಮೇಲಿನ ಮಾತು.

ಇಪ್ಪತ್ತು ಸೆಷನ್ ದಾಟಿದ ಮೇಲೆ ದೂರದ್ದು ಮಬ್ಬಾಗಬಹುದು, ಓದುವ ಕನ್ನಡಕ ಇಲ್ಲದೆಯೂ ಪೇಪರ್ ಕಾಣಬಹುದು. ಕಣ್ಣು ಸುಧಾರಿಸಿತು ಅಂದುಕೊಳ್ಳಬೇಡಿ, ಅದು ತಾತ್ಕಾಲಿಕ. ಮೊದಲೇ ಪೊರೆ ಇದ್ದವರು ಮಾತ್ರ ಕಣ್ಣಿನ ಡಾಕ್ಟರಿಗೆ ತೋರಿಸಿ. ಉಳಿದವರು ಕೊನೆಯ ಸೆಷನ್ ಮುಗಿದು ಎರಡು ತಿಂಗಳಾಗುವವರೆಗೆ ಹೊಸ ಕನ್ನಡಕ ಮಾಡಿಸಬೇಡಿ.